ಗಾಡಿಯ ಟೇಪು, ಗಡಿಯ ದನಿ

ಪಿಕಪ್ ಗಾಡಿಗೆ ಕಂಪನಿಯವರು ಕೊಟ್ಟ ಟೇಪು ತೆಗೆಸಿ ಹೊಸದು ಹಾಕಿಸಬೇಕು ಅಂತ ಎಷ್ಟೋ ಡ್ರೈವರುಗಳು ದುಡ್ಡು ಕೂಡಿಸಿಟ್ಟಿರುತ್ತಾರೆ. ಆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ಇವತ್ತಿನ ಮಾತು. ಈ ಮಾತೇ ಈಗ ಯಾವುದೋ ಗಾಡಿಯ ಬಾಗಿಲಿನೊಳಗಿಂದ ಬರುತ್ತಿರಬಹುದು. ಹಾಗಿದ್ದರೆ ಅರ್ಧ ನಿಮಗೆ ಕೇಳುತ್ತಿದೆ, ಇನ್ನರ್ಧವನ್ನು ಎಂಜಿನ್ ನುಂಗುತ್ತಿದೆ. ನುಂಗಿದ ಆ ಅರ್ಧವನ್ನು ಬಿಡಿಸಿಕೊಳ್ಳುವುದು ಹೇಗೆ?

ನಾನು ಹೇಳುವುದನ್ನು ಮೊದಲೇ ಹೇಳಿಬಿಡುತ್ತೇನೆ. ಪಿಕಪ್ಪಿನಲ್ಲಿ ಟೇಪು ಎಂಬುದು ಕಡೆಗೆ ಬದಲಿಸಬೇಕಾದ ವಸ್ತು. ಮೊದಲು ಅಂಟೆನಾ. ಆಮೇಲೆ ಸ್ಪೀಕರು, ಸ್ಪೀಕರು ಕೂತಿರುವ ಬಾಗಿಲು. ಆಮೇಲೆ ತಂತಿ. ಇಷ್ಟಾದ ಮೇಲೆ ಟೇಪು. ಅಂಗಡಿಗೆ ಹೋದರೆ ಇದೇ ಪಟ್ಟಿ ತಲೆಕೆಳಗಾಗಿ ನಿಮ್ಮ ಮುಂದೆ ಬರುತ್ತದೆ. ಹೊಳೆಯುವ ವಸ್ತು ಮೊದಲು, ಅಂಟೆನಾ ಕಡೆಗೆ. ಎಷ್ಟೋ ಸಲ ಅಂಟೆನಾ ಬರುವುದೇ ಇಲ್ಲ.

ಇದನ್ನು ಹೋಟಗಿಯ ಡ್ರೈವರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೇನೆ. ಹೋಟಗಿ ಮಹಾರಾಷ್ಟ್ರದ ಸೊಲ್ಲಾಪುರದಿಂದ ಹದಿನೈದು ಕಿಲೋಮೀಟರಿನ ಆಸುಪಾಸು. ರೈಲು ಇಲ್ಲಿ ಕವಲೊಡೆಯುತ್ತದೆ. ಒಂದು ಹಾದಿ ಅಕ್ಕಲಕೋಟ ರೋಡು ದಾಟಿ ಕಲಬುರಗಿಗೆ. ಇನ್ನೊಂದು ಭೀಮಾನದಿ ದಾಟಿ ವಿಜಯಪುರ, ಗದಗಕ್ಕೆ. ಸುತ್ತ ಸಿಮೆಂಟ್ ಕಾರ್ಖಾನೆ. ಪಕ್ಕದ ಫತಾಟೆವಾಡಿಯಲ್ಲಿ ಎನ್‌ಟಿಪಿಸಿಯ ವಿದ್ಯುತ್ ಸ್ಥಾವರ. ಊರುಗಳ ಬೋರ್ಡು ಮರಾಠಿಯಲ್ಲಿ, ಎಷ್ಟೋ ಮನೆಗಳ ಮಾತು ಕನ್ನಡದಲ್ಲಿ. ಉಳ್ಳಾಗಡ್ಡಿ ಸೊಲ್ಲಾಪುರದ ಸಿದ್ಧೇಶ್ವರ ಮಾರ್ಕೆಟ್ ಯಾರ್ಡಿಗೆ ಹೋಗಬೇಕು. ದಾಳಿಂಬೆ ಹೋಗಬೇಕು. ಹಾಲಿನ ಕ್ಯಾನು, ವಾರದ ಸಂತೆಗೆ ಆಡು, ಮದುವೆಗೆ ಪೆಂಡಾಲಿನ ಸಾಮಾನು, ಎಲ್ಲವೂ ಪಿಕಪ್ಪಿನಲ್ಲೇ. 2005ರಲ್ಲಿ ಟಾಟಾ ಏಸ್ ಬಂತು, ಜನ ಅದನ್ನು ಛೋಟಾ ಹಾಥಿ ಎಂದರು. 2011ರಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್ ಬಂತು. ದೊಡ್ಡ ಹೇರಿಗೆ ಬೊಲೆರೊ ಪಿಕಪ್ ಇದ್ದೇ ಇದೆ. ಇವುಗಳಲ್ಲಿ ಕಡಿಮೆ ಬೆಲೆಯ ಗಾಡಿ ಕೊಂಡರೆ ಟೇಪಿನ ಜಾಗ ಖಾಲಿ ಬರುವುದೂ ಉಂಟು. ಬಂದರೂ ಎರಡು ಸಣ್ಣ ಸ್ಪೀಕರು, ಕಾಗದದ ಕೋನು, ಮುಷ್ಟಿಯಲ್ಲಿ ಅಡಗುವಷ್ಟು ಅಯಸ್ಕಾಂತ. ಕಂಪನಿ ಹೇರಿಗೆ ಗಾಡಿ ಮಾಡಿದೆ, ಹಾಡಿಗಲ್ಲ.

ಈಗ ಎಂಜಿನ್ನಿನ ಕಡೆ ಬರೋಣ. ವೈರಿ ಯಾರು ಎಂದು ಗೊತ್ತಿಲ್ಲದೆ ಆಯುಧ ಕೊಳ್ಳುವುದರಲ್ಲಿ ಅರ್ಥವಿಲ್ಲ.

ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಒಂದು ಸುತ್ತು ಸುತ್ತಿದರೆ ಎರಡು ಸಲ ಉರಿ ಹೊಡೆಯುತ್ತದೆ. ಮೀಟರ್ ಮುಳ್ಳು ನಿಮಿಷಕ್ಕೆ 2400 ಸುತ್ತು ಎಂದು ತೋರಿಸುತ್ತಿದೆ ಎನ್ನಿ. ಅಂದರೆ ಸೆಕೆಂಡಿಗೆ 40 ಸುತ್ತು. ಉರಿ ಹೊಡೆತ ಸೆಕೆಂಡಿಗೆ 80. ಇದು ಒಂದು ಸ್ವರ. ತಗ್ಗಿನ, ಗುಮ್ಮೆನ್ನುವ ಸ್ವರ. ಮೊದಲ ಟಾಟಾ ಏಸಿಗೆ ಸಿಲಿಂಡರು ಎರಡೇ. ಅದೇ ವೇಗದಲ್ಲಿ ಅದರ ಸ್ವರ ಇನ್ನೂ ತಗ್ಗು, ಸೆಕೆಂಡಿಗೆ 40. ಛೋಟಾ ಹಾಥಿಯಲ್ಲಿ ಕೂತವರಿಗೆ ಬೆನ್ನಿನಲ್ಲಿ ತಾಕುವ ಗುಡುಗುಡು ಇದೇ.

ಬೇಸು ಬೇಸು ಎಂದು ನಾವು ಅಂಗಡಿಯಲ್ಲಿ ಕೇಳುವ ಸ್ವರವೂ ಇದೇ ಎತ್ತರದ್ದು. ಸೆಕೆಂಡಿಗೆ 40ರಿಂದ 100. ಅಂದರೆ ನೀವು ದುಡ್ಡು ಕೊಟ್ಟು ತರುವ ಬೇಸು ಎಂಜಿನ್ನಿನ ಜೊತೆಗೇ ಕುಸ್ತಿಗೆ ಇಳಿಯುತ್ತದೆ. ಗೆಲ್ಲಬೇಕಾದರೆ ಎಂಜಿನ್ನಿಗಿಂತ ಜೋರಾಗಬೇಕು. ಜೋರಾದ ತಗ್ಗಿನ ಸದ್ದಿಗೆ ಒಂದು ಕೆಟ್ಟ ಗುಣ ಇದೆ. ಅದು ತನಗಿಂತ ಮೇಲಿನ ಸ್ವರಗಳನ್ನು ಕಿವಿಯಲ್ಲಿ ಮುಚ್ಚಿಬಿಡುತ್ತದೆ. ಮಾತು ಇರುವುದು ಆ ಮೇಲಿನ ಸ್ವರಗಳಲ್ಲಿ. ಸ, ಶ, ತ, ಟ ಇವುಗಳ ಅಂಚು ಬರುವುದು ಸೆಕೆಂಡಿಗೆ ಎರಡು ಸಾವಿರ, ನಾಲ್ಕು ಸಾವಿರದ ಹತ್ತಿರ. ಹಳೆಯ ಟೆಲಿಫೋನು 300ರಿಂದ 3400ರವರೆಗೆ ಮಾತ್ರ ಸಾಗಿಸುತ್ತಿತ್ತು. ಅದರಲ್ಲಿ ಬೇಸು ಇರಲೇ ಇಲ್ಲ. ಆದರೂ ಮುಂಬಯಿಯಿಂದ ಅಳಿಯ ಮಾತಾಡಿದ್ದು ಅಕ್ಕಲಕೋಟದಲ್ಲಿ ಮಾವನಿಗೆ ತಿಳಿಯುತ್ತಿತ್ತು.

ಆದ್ದರಿಂದ ನಮ್ಮ ಗುರಿ ಕ್ಯಾಬಿನ್ನು ನಡುಗಿಸುವುದಲ್ಲ. ನಡುವಿನ ಸ್ವರ ಸ್ವಚ್ಛವಾಗಿ ಕಿವಿಗೆ ಮುಟ್ಟುವುದು. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನವನ್ನೇ ತೆಗೆದುಕೊಳ್ಳಿ. ಅದರಲ್ಲಿ ಏನಿದೆ? ಕಂಠ, ತಂಬೂರಿ, ಹಾರ್ಮೋನಿಯಂ, ತಬಲಾ. ಎಲ್ಲ ನಡುಮನೆಯ ಸ್ವರಗಳೇ. ಸೊಲ್ಲಾಪುರದ ವಚನಕಾರ ಸಿದ್ಧರಾಮನ ನಾಡಿನಲ್ಲಿ ಓಡಾಡುವ ಗಾಡಿಗೆ ವಚನ ಸರಿಯಾಗಿ ಕೇಳಿದರೆ ಮಿಕ್ಕದ್ದೆಲ್ಲ ಕೇಳುತ್ತದೆ ಎಂಬುದು ನನ್ನ ಲೆಕ್ಕ.

ಎಂಜಿನ್ನು ತಗ್ಗಿನ ಸ್ವರ ತಿನ್ನುತ್ತದೆ, ಮಾತು ಇರುವುದು ನಡುವಿನ ಸ್ವರದಲ್ಲಿ. ಇಷ್ಟು ನೆನಪಿಟ್ಟುಕೊಂಡು ಅಂಟೆನಾಕ್ಕೆ ಬರೋಣ.

ಹೋಟಗಿಗೆ ಕನ್ನಡ ರೇಡಿಯೊ ಎಲ್ಲಿಂದ ಬರುತ್ತದೆ? ಸೊಲ್ಲಾಪುರ ಕೇಂದ್ರದ ಕಾರ್ಯಕ್ರಮ ಹೆಚ್ಚಾಗಿ ಮರಾಠಿ. ಕನ್ನಡ ಬರಬೇಕಾದರೆ ದೂರದಿಂದಲೇ ಬರಬೇಕು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಕಲಬುರಗಿಯದು 1966ರಲ್ಲಿ. ಎರಡೂ ಮಧ್ಯಮ ತರಂಗದ ಕೇಂದ್ರಗಳಾಗಿ ಬೆಳೆದವು. ವಿಜಯಪುರದ ಎಫ್‌ಎಂ ಆಮೇಲಿನದು. ಹೋಟಗಿಯಿಂದ ಹಕ್ಕಿ ಹಾರುವ ಹಾದಿಯಲ್ಲಿ ಕಲಬುರಗಿ ತೊಂಬತ್ತು ಕಿಲೋಮೀಟರ್, ವಿಜಯಪುರವೂ ಹೆಚ್ಚುಕಡಿಮೆ ಅಷ್ಟೇ. ಧಾರವಾಡ ಇನ್ನೂರೈವತ್ತು.

ಎಫ್‌ಎಂ ಅಲೆ ನೇರ ಹೋಗುವಂಥದು. ಭೂಮಿ ಬಾಗಿದಲ್ಲಿ ಅದು ಬಾಗುವುದು ಕಡಿಮೆ. ಐವತ್ತು ಅರವತ್ತು ಕಿಲೋಮೀಟರ್ ದಾಟಿದ ಮೇಲೆ ಹಿಡಿತ ತಪ್ಪುತ್ತದೆ. ಸೊಲ್ಲಾಪುರದಿಂದ ವಿಜಯಪುರದ ಹೆದ್ದಾರಿ ಹಿಡಿದವರಿಗೆ ಇದು ಗೊತ್ತು. ಟಾಕಳಿಯ ಹತ್ತಿರ ಭೀಮಾನದಿ ಸೇತುವೆ ದಾಟಿ ಧೂಳಖೇಡಕ್ಕೆ ಬಂದರೂ ವಿಜಯಪುರ ಇನ್ನೂ ಗೊರಗೊರ ಅನ್ನುತ್ತದೆ. ಝಳಕಿ, ಹೊರ್ತಿ ಬಂದಂತೆ ದನಿ ಗಟ್ಟಿಯಾಗುತ್ತದೆ.

ಮಧ್ಯಮ ತರಂಗದ ನಡೆ ಬೇರೆ. ಹಗಲಿನಲ್ಲಿ ಅದು ನೆಲಕ್ಕೆ ಅಂಟಿಕೊಂಡು ಬರುತ್ತದೆ. ಒಣ ಕಲ್ಲುನೆಲಕ್ಕಿಂತ ಹಸಿ ಇರುವ ಎರೆಭೂಮಿ ಅದಕ್ಕೆ ಒಳ್ಳೆಯ ಹಾದಿ. ರಾತ್ರಿಯಾದರೆ ಮೇಲಿನ ಆಕಾಶಕ್ಕೆ ಬಡಿದು ನೂರಾರು ಕಿಲೋಮೀಟರ್ ದೂರದಲ್ಲಿ ಇಳಿಯುತ್ತದೆ. ಆಗ ಎಲ್ಲೆಲ್ಲಿಯ ಕೇಂದ್ರಗಳೋ ಒಂದರ ಮೇಲೊಂದು ಬಿದ್ದು ದನಿ ತೇಲಿಹೋಗುತ್ತದೆ, ಮತ್ತೆ ಬರುತ್ತದೆ. ಅದು ಗಾಡಿಯ ದೋಷವಲ್ಲ, ಬಿಚ್ಚಿಸಬೇಡಿ.

ಇಲ್ಲಿ ಗಡಿಯ ಡ್ರೈವರು ಎಚ್ಚರ ಇರಬೇಕಾದ ಜಾಗ ಬಂತು. ಈಗಿನ ಅಗ್ಗದ ದೊಡ್ಡ ಪರದೆಯ ಟೇಪುಗಳಲ್ಲಿ ಎಷ್ಟಕ್ಕೋ ಮಧ್ಯಮ ತರಂಗವೇ ಇರುವುದಿಲ್ಲ. ಎಫ್‌ಎಂ ಇರುತ್ತದೆ, ಬ್ಲೂಟೂತ್ ಇರುತ್ತದೆ, ಎಎಂ ಎಂಬ ಗುಂಡಿ ಇರುವುದಿಲ್ಲ. ಪುಣೆಯಲ್ಲಿ, ಬೆಂಗಳೂರಿನಲ್ಲಿ ಓಡುವ ಗಾಡಿಗೆ ಅದರಿಂದ ನಷ್ಟವಿಲ್ಲ. ಹೋಟಗಿಯ ಗಾಡಿಯಲ್ಲಿ ಅದರ ಜೊತೆ ಹಗಲಿನ ಕನ್ನಡವೇ ಹೋಗುತ್ತದೆ. ಹಳೆಯ ಕಂಪನಿ ಟೇಪಿನಲ್ಲಿ ಎಎಂ ಇದ್ದರೆ ಅದನ್ನು ಬಿಸಾಡುವ ಮೊದಲು ಎರಡು ಸಲ ಯೋಚಿಸಿ.

ಎಎಂ ಇರುವ ಟೇಪಿನಲ್ಲೂ ಒಂದು ಗಂಟು ಉಂಟು. ನಮ್ಮ ದೇಶದಲ್ಲಿ ಮಧ್ಯಮ ತರಂಗದ ಕೇಂದ್ರಗಳು ಒಂಬತ್ತು ಒಂಬತ್ತು ಕಿಲೋಹರ್ಟ್ಸ್ ಅಂತರದಲ್ಲಿ ಕೂತಿವೆ. ಅಮೆರಿಕದಲ್ಲಿ ಹತ್ತು ಹತ್ತು. ಧಾರವಾಡದ ಅಂಕಿ 765, ಕಲಬುರಗಿಯ ಅಂಕಿ 1107. ಎರಡೂ ಒಂಬತ್ತರ ಮಗ್ಗಿಯಲ್ಲಿ ಬರುತ್ತವೆ. ಹತ್ತರ ಮಗ್ಗಿಯಲ್ಲಿ ಬರುವುದಿಲ್ಲ. ಟೇಪು ಅಮೆರಿಕದ ಲೆಕ್ಕಕ್ಕೆ ಹೊಂದಿಸಿ ಬಂದಿದ್ದರೆ 760 ಸಿಗುತ್ತದೆ, 770 ಸಿಗುತ್ತದೆ, ನಡುವಿನ 765 ಸಿಗುವುದೇ ಇಲ್ಲ. ಕೇಂದ್ರ ಬಂದಾಗಿದೆ ಅಂತ ಡ್ರೈವರು ತಿಳಿಯುತ್ತಾನೆ. ಟೇಪಿನ ಸೆಟ್ಟಿಂಗಿನಲ್ಲಿ ಪ್ರದೇಶ ಎಂಬ ಒಂದು ಜಾಗ ಇರುತ್ತದೆ. ಅದನ್ನು ಏಷ್ಯಾಕ್ಕೋ ಯುರೋಪಿಗೋ ತಿರುಗಿಸಿದರೆ ಸಾಕು. ದುಡ್ಡು ಬೇಡದ ರಿಪೇರಿ ಇದು. ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಿಯೇ ಮಾಡಿಸಿಕೊಳ್ಳಬೇಕು.

ಇನ್ನು ಅಂಟೆನಾದ ಕಡ್ಡಿ. ಎಫ್‌ಎಂ ಅಲೆಯ ಉದ್ದ ಸುಮಾರು ಮೂರು ಮೀಟರ್. ಅದರ ಕಾಲು ಭಾಗ, ಮುಕ್ಕಾಲು ಮೀಟರಿನ ಕಡ್ಡಿ ಚೆನ್ನಾಗಿ ಹಿಡಿಯುತ್ತದೆ. ಬೇವಿನ ಟೊಂಗೆಗೆ, ಕಬ್ಬಿನ ಸೋಗೆಗೆ ಸಿಕ್ಕು ಮುರಿದ ಕಡ್ಡಿಯ ಮೊಂಡು ಹಿಡಿಯುವುದಿಲ್ಲ. ಅದರ ಬದಲಿಗೆ ಮೀನಿನ ರೆಕ್ಕೆಯ ಆಕಾರದ ಪ್ಲಾಸ್ಟಿಕ್ಕನ್ನು ಅಂಟಿಸಿಕೊಳ್ಳುತ್ತಾರೆ. ಒಳಗೆ ತಂತಿಯೇ ಇಲ್ಲದ ರೆಕ್ಕೆಗಳೂ ಮಾರಾಟಕ್ಕಿವೆ. ಗಾಡಿಗೆ ಅಂದ ಬಂದೀತು, ಅಲೆ ಬಾರದು.

ಕಡ್ಡಿಗಿಂತ ಮುಖ್ಯವಾದದ್ದು ಅದರ ಬುಡ. ಬುಡ ಗಾಡಿಯ ತಗಡಿಗೆ ಗಟ್ಟಿಯಾಗಿ ಅರ್ಥ್ ಆಗಬೇಕು. ನಟ್ಟಿನ ಕೆಳಗೆ ಬಣ್ಣ ಇದ್ದರೆ, ತುಕ್ಕು ಇದ್ದರೆ ಅರ್ಥ್ ಸಿಗುವುದಿಲ್ಲ. ಬಿಚ್ಚಿ, ಕೆರೆದು, ಮತ್ತೆ ಬಿಗಿದರೆ ಆಯಿತು. ಇದಕ್ಕೆ ಬೇಕಾದದ್ದು ಒಂದು ಪಾನಾ, ಒಂದು ತುಂಡು ಮರಳು ಕಾಗದ.

ಅಂಟೆನಾ ಸರಿಯಾದ ಮೇಲೂ ಗೊರಗೊರ ಬಂದರೆ ಗಾಡಿಯೊಳಗೇ ಕಳ್ಳ ಇದ್ದಾನೆ. ಕಾರಿನಲ್ಲಿ ರೇಡಿಯೊ ಕೂಡಿಸಲು ಹೊರಟ ಮೊದಲಿಗರನ್ನು ಬಹಳ ಕಾಡಿದ್ದು ಇದೇ. ಅಮೆರಿಕದ ಶಿಕಾಗೋದಲ್ಲಿ ಪಾಲ್ ಗಾಲ್ವಿನ್ 1930ರಲ್ಲಿ ಮೋಟೊರೋಲಾ ಎಂಬ ಕಾರು ರೇಡಿಯೊ ತಂದರು. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗು ಕಿಡಿ ಹಾರಿಸಿದಾಗಲೆಲ್ಲ ರೇಡಿಯೊ ಚಟಚಟ ಎನ್ನುತ್ತಿತ್ತು. ಅದನ್ನು ಅಡಗಿಸುವುದೇ ಅವರಿಗೆ ದೊಡ್ಡ ಕೆಲಸವಾಯಿತು. ನಮ್ಮ ಡೀಸೆಲ್ ಪಿಕಪ್ಪಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಆ ಮಟ್ಟಿಗೆ ಮಧ್ಯಮ ತರಂಗಕ್ಕೆ ಡೀಸೆಲ್ ಗಾಡಿ ಒಳ್ಳೆಯ ಮನೆ. ಈಗಿನ ಕಳ್ಳ ಬೇರೆ. ಮೊಬೈಲ್ ಚಾರ್ಜರು. ನೂರು ರೂಪಾಯಿಯ ಚಾರ್ಜರಿನೊಳಗಿನ ಸಣ್ಣ ಸರ್ಕಿಟ್ಟು ಮಧ್ಯಮ ತರಂಗದ ಮೇಲೆ ಗೀರು ಎಳೆಯುತ್ತಲೇ ಇರುತ್ತದೆ. ಅಗ್ಗದ ಎಲ್‌ಇಡಿ ದೀಪದ ಪಟ್ಟಿಗಳೂ ಹಾಗೇ. ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ರೇಡಿಯೊ ತಣ್ಣಗಾಯಿತೋ ಅದೇ ಕಳ್ಳ.

ಇಲ್ಲಿಯವರೆಗೆ ಎರಡು ವಿಷಯವಾಯಿತು. ಎಂಜಿನ್ನಿನ ಸ್ವರ ಒಂದು, ಅಂಟೆನಾ ಎರಡು. ಈಗ ದನಿ ಗಾಡಿಯೊಳಗೆ ಬಂತು. ಅದು ಕಿವಿಗೆ ಬರುವುದು ಬಾಗಿಲಿನಿಂದ.

ಡಬ್ಬಿಯ ಮೇಲಿನ ವ್ಯಾಟಿನಿಂದ ಶುರು ಮಾಡೋಣ. ಅಂಗಡಿಯಲ್ಲಿ ಇಂಥ ಮಾತು ನಡೆಯುತ್ತದೆ.

"ರೀ ಮಿಸ್ತ್ರಿ, ನಾಕನೂರು ವ್ಯಾಟ್ ಅಂತ ಡಬ್ಬಿ ಮ್ಯಾಲೆ ಬರದೈತಲ್ರೀ. ಇದೇ ಹಾಕ್ರಿ."

"ಡಬ್ಬಿ ಮ್ಯಾಲೆ ಬರದದ್ದೆಲ್ಲಾ ಡಬ್ಬಿ ಒಳಗ ಇರಂಗಿಲ್ರೀ ಅಣ್ಣಾರ."

ಮಿಸ್ತ್ರಿ ಹೇಳಿದ್ದು ಸರಿ. ಗಾಡಿ ಚಾಲೂ ಇದ್ದಾಗ ಡೈನಮೋ ಕೊಡುವುದು ಸುಮಾರು 14 ವೋಲ್ಟ್. ಸ್ಪೀಕರು ಸಾಮಾನ್ಯವಾಗಿ ನಾಲ್ಕು ಓಮಿನದು. ಈ 14 ವೋಲ್ಟಿನಿಂದ ನಾಲ್ಕು ಓಮಿಗೆ ದನಿ ಒಡೆಯದಂತೆ ತಳ್ಳಬಹುದಾದದ್ದು ಹೆಚ್ಚೆಂದರೆ 25 ವ್ಯಾಟ್. ನಡುವೆ ಸೋರಿದ್ದು ಕಳೆದರೆ ಹದಿನೆಂಟು, ಇಪ್ಪತ್ತು. ಬೇರೆ ಆಂಪ್ಲಿ ಇಲ್ಲದ ಟೇಪಿನಿಂದ ಒಂದೊಂದು ಸ್ಪೀಕರಿಗೆ ಬರುವುದು ಇಷ್ಟೇ. ಡಬ್ಬಿಯ ಮೇಲೆ ಐವತ್ತು ಬರೆದಿರಲಿ, ನೂರು ಬರೆದಿರಲಿ. ಆರ್‌ಎಂಎಸ್ ಎಂಬ ಮೂರಕ್ಷರದ ಪಕ್ಕ ಇರುವ ಅಂಕಿ ಮಾತ್ರ ನಂಬಬೇಕು. ಪಿಎಂಪಿಒ ಎಂಬ ನಾಲ್ಕಕ್ಷರ ಕಂಡರೆ ಆ ಅಂಕಿಯನ್ನು ಓದಲೇಬೇಡಿ.

ಇನ್ನೊಂದು ಲೆಕ್ಕ ಕೇಳಿ. ವ್ಯಾಟ್ ಎರಡರಷ್ಟು ಮಾಡಿದರೆ ದನಿ ಎರಡರಷ್ಟು ಆಗುವುದಿಲ್ಲ. ಮೂರು ಡೆಸಿಬಲ್ ಏರುತ್ತದೆ, ಕಿವಿಗೆ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ, ಅಷ್ಟೇ. ಎರಡರಷ್ಟು ಜೋರು ಅನ್ನಿಸಬೇಕಾದರೆ ವ್ಯಾಟ್ ಹತ್ತರಷ್ಟು ಬೇಕು. ಆದರೆ ಸ್ಪೀಕರಿನ ಡಬ್ಬಿಯ ಮೇಲೆ ಸೆನ್ಸಿಟಿವಿಟಿ ಎಂಬ ಅಂಕಿ ಇರುತ್ತದೆ. ಎಂಬತ್ತೇಳು, ತೊಂಬತ್ತು, ತೊಂಬತ್ತೆರಡು, ಹೀಗೆ. ಎಂಬತ್ತೇಳರ ಸ್ಪೀಕರು ಬಿಟ್ಟು ತೊಂಬತ್ತರದು ತಂದರೆ ಟೇಪಿನ ಶಕ್ತಿಯನ್ನು ಎರಡರಷ್ಟು ಮಾಡಿದ ಹಾಗೆಯೇ. ಡೈನಮೋಕ್ಕೆ ಹೊರೆಯಿಲ್ಲ, ತಂತಿಗೆ ಬಿಸಿಯಿಲ್ಲ. ಎರಡು ಮೂರು ಸಾವಿರದೊಳಗೆ ಇಂಥ ಒಂದು ಜೊತೆ ಸಿಗುತ್ತದೆ. ಇಡೀ ಗಾಡಿಯಲ್ಲಿ ಇದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ.

ಅಳತೆ ಮೊದಲು ನೋಡಿಸಿ. ಬಾಗಿಲಿನ ತೂತು ನಾಲ್ಕು ಇಂಚಿನದೋ, ಆರೂವರೆ ಇಂಚಿನದೋ. ಆಳವೂ ನೋಡಬೇಕು. ಗಾಜು ಕೆಳಗಿಳಿದಾಗ ಅಯಸ್ಕಾಂತಕ್ಕೆ ಬಡಿಯಬಾರದು. ಬಡಿದದ್ದು ಗೊತ್ತಾಗುವುದು ಕಿಟಕಿ ಇಳಿಸಿದಾಗಲೇ.

ಕೂಡಿಸುವ ರೀತಿ ಸ್ಪೀಕರಿಗಿಂತ ದೊಡ್ಡದು. ಸ್ಪೀಕರಿನ ಕೋನು ಮುಂದಿನ ಗಾಳಿಯನ್ನು ತಳ್ಳಿದಾಗ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಎರಡೂ ಕೂಡಿದರೆ ಒಂದನ್ನೊಂದು ಕಳೆದುಹಾಕುತ್ತವೆ. ಸ್ಪೀಕರಿನ ಸುತ್ತ ಬೆರಳು ತೂರುವಷ್ಟು ಸಂದು ಇದ್ದರೆ ಇದೇ ನಡೆಯುತ್ತದೆ. ಹಿಂದಿನ ಅಲೆ ಸಂದಿನಿಂದ ನುಸುಳಿ ಬಂದು ಮುಂದಿನದನ್ನು ತಿನ್ನುತ್ತದೆ. ಅದಕ್ಕೆ ಪ್ಲೈವುಡ್ಡಿನದೋ ಪ್ಲಾಸ್ಟಿಕ್ಕಿನದೋ ಒಂದು ಬಳೆ ಹಾಕಿ, ಸುತ್ತ ಸ್ಪಂಜು ಕೊಟ್ಟು, ಬಿಗಿಯಾಗಿ ಕೂಡಿಸಬೇಕು. ಬಾಗಿಲಿನ ತಗಡಿನ ಒಳಮೈಗೆ ಬ್ಯುಟೈಲ್ ಹಾಳೆ ಅಂಟಿಸುತ್ತಾರೆ. ಡಾಂಬರಿನಂತೆ ಮೆತ್ತಗಿನ, ತೂಕದ ಹಾಳೆ. ಬೆರಳಿನಿಂದ ತಗಡು ತಟ್ಟಿ ನೋಡಿ. ಟಣ್ ಎಂದರೆ ಹಾಳೆ ಬೇಕು. ದಪ್ ಎಂದರೆ ಸಾಕು. ಇಡೀ ಬಾಗಿಲು ಮುಚ್ಚಬೇಕಾಗಿಲ್ಲ, ನಡುವೆ ಮೂರು ನಾಲ್ಕು ತುಂಡು ಸಾಕು. ಕೆಳಗಿನ ಅಂಚಿನ ನೀರು ಹರಿಯುವ ತೂತುಗಳನ್ನು ಮಾತ್ರ ಮುಚ್ಚಿಸಬೇಡಿ. ಮುಚ್ಚಿದರೆ ಮೃಗದ ಮಳೆ ಬಾಗಿಲಿನೊಳಗೆ ನಿಲ್ಲುತ್ತದೆ. ಕೋನು ಕಾಗದದ್ದಾದರೆ ಒಂದೇ ಮಳೆಗಾಲಕ್ಕೆ ಬೂಜು ಹಿಡಿಯುತ್ತದೆ. ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್ಕಿನ ಕೋನು ನೀರಿಗೆ, ಸಿಮೆಂಟಿನ ಧೂಳಿಗೆ ಹೆಚ್ಚು ತಡೆಯುತ್ತದೆ. ಹೋಟಗಿಯ ಕಡೆ ಓಡುವ ಗಾಡಿಗೆ ಅದೇ ಲೇಸು.

ಎರಡು ಸ್ಪೀಕರಿಗೂ ಪ್ಲಸ್ಸು ಮೈನಸ್ಸು ಒಂದೇ ರೀತಿ ಸಿಕ್ಕಿರಬೇಕು. ಒಂದು ತಿರುಗುಮುರುಗಾದರೆ ಒಂದು ಕೋನು ಮುಂದೆ ಹೋಗುವಾಗ ಇನ್ನೊಂದು ಹಿಂದೆ ಹೋಗುತ್ತದೆ. ಆಗ ಬೇಸು ಮಾಯವಾಗುತ್ತದೆ. ಮಾತಾಡುವವನು ಮುಂದಿನ ಗಾಜಿನ ನಡುವೆ ನಿಂತಂತೆ ಕೇಳುವ ಬದಲು ದಿಕ್ಕಿಲ್ಲದೆ ತೇಲುತ್ತಾನೆ. ಪರೀಕ್ಷೆ ಬಹಳ ಸುಲಭ. ಗೋಡೆ ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲು ತನ್ನಿ. ಸ್ಪೀಕರಿನ ತಂತಿಗೆ ಅರೆಗಳಿಗೆ ಮುಟ್ಟಿಸಿ. ಸೆಲ್ಲಿನ ಪ್ಲಸ್ಸು ಸ್ಪೀಕರಿನ ಪ್ಲಸ್ಸಿಗೆ ಮುಟ್ಟಿದರೆ ಕೋನು ಹೊರಗೆ ಉಬ್ಬುತ್ತದೆ. ಉಲ್ಟಾ ಆದರೆ ಒಳಗೆ ಸರಿಯುತ್ತದೆ. ತಂತಿಯನ್ನು ಟೇಪಿನಿಂದ ಬಿಡಿಸಿಕೊಂಡೇ ಇದನ್ನು ಮಾಡಬೇಕು.

ಹಳೆಯದರ ಜೊತೆ ಇನ್ನೆರಡು ಸ್ಪೀಕರನ್ನು ಅದೇ ತಂತಿಗೆ ಸಿಕ್ಕಿಸುವ ಆಸೆ ಬಹಳ ಜನಕ್ಕೆ. ಪಕ್ಕಪಕ್ಕ ಸಿಕ್ಕಿಸಿದರೆ ನಾಲ್ಕು ಓಮು ಎರಡಾಗುತ್ತದೆ. ಟೇಪಿನೊಳಗಿನ ಐಸಿ ಎರಡರಷ್ಟು ಕರೆಂಟು ಕೊಡಬೇಕಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಹೊರಗೇ ನಲವತ್ತೆರಡು ಡಿಗ್ರಿ ಇರುತ್ತದೆ, ಬಿಸಿಲಿಗೆ ನಿಲ್ಲಿಸಿದ ಕ್ಯಾಬಿನ್ನಿನೊಳಗೆ ಇನ್ನೂ ಜಾಸ್ತಿ. ಆ ಐಸಿಗೆ ಉಸಿರಾಡಲು ಜಾಗ ಇಲ್ಲ. ಮೊದಲು ದನಿ ನಡುನಡುವೆ ನಿಲ್ಲುತ್ತದೆ. ಆಮೇಲೆ ಪೂರ್ತಿ ನಿಲ್ಲುತ್ತದೆ.

ಅಂಟೆನಾ ಆಯಿತು, ಸ್ಪೀಕರು ಬಾಗಿಲು ಆಯಿತು. ಮುಂದಿನದು ತಂತಿ. ದನಿ ಕೆಟ್ಟರೆ ಬೇಸರ, ತಂತಿ ಕೆಟ್ಟರೆ ಬೆಂಕಿ.

ಟೇಪಿಗೆ ಬರುವ ಮುಖ್ಯ ತಂತಿ ಮೂರು. ಹೊರಗಿನಿಂದ ಕೊಳ್ಳುವ ಟೇಪುಗಳಲ್ಲಿ ಬಣ್ಣ ಹೆಚ್ಚುಕಡಿಮೆ ಒಂದೇ. ಹಳದಿ ಬ್ಯಾಟರಿಯಿಂದ ಸದಾ ಬರುವುದು, ಟೇಪಿನ ನೆನಪಿಗೆ. ಕೆಂಪು ಚಾವಿ ತಿರುಗಿಸಿದಾಗ ಬರುವುದು. ಕಪ್ಪು ಅರ್ಥ್. ಅವಸರದ ಮಿಸ್ತ್ರಿ ಹಳದಿ ಕೆಂಪು ಎರಡನ್ನೂ ಕೂಡಿಸಿ ಬ್ಯಾಟರಿಗೆ ಕಟ್ಟಿಬಿಡುತ್ತಾನೆ. ಟೇಪು ಚಾವಿ ಇಲ್ಲದೆಯೂ ಹಾಡುತ್ತದೆ, ಡ್ರೈವರಿಗೆ ಖುಷಿ. ಗಾಡಿ ನಾಲ್ಕು ದಿನ ನಿಂತರೆ ಬ್ಯಾಟರಿ ಖಾಲಿ, ಮಾಲಕರ ಬೈಗುಳ ಡ್ರೈವರಿಗೆ.

ಕಂಪನಿಯ ತಂತಿಯನ್ನು ಕತ್ತರಿಸುವುದಕ್ಕೆ ಬಿಡಬೇಡಿ. ಆಯಾ ಗಾಡಿಗೆ ಹೊಂದುವ ಕಪ್ಲರು ಸಿಗುತ್ತದೆ. ಒಂದು ತುದಿ ಗಾಡಿಗೆ, ಇನ್ನೊಂದು ತುದಿ ಟೇಪಿಗೆ. ಗಾಡಿ ಮಾರುವಾಗ ಹಳೆಯ ಟೇಪು ತಿರುಗಿ ಕೂಡಿಸಬಹುದು. ವಾರಂಟಿ ಇರುವ ಹೊಸ ಗಾಡಿಯಾದರೆ ಇದು ಇನ್ನೂ ಮುಖ್ಯ. ತಂತಿ ಹೆಣೆದು ಕಪ್ಪು ಅಂಟುಪಟ್ಟಿ ಸುತ್ತಿದ ಗಂಟು ಬೇಸಿಗೆಯಲ್ಲಿ ಅಂಟು ಬಿಟ್ಟು ಬಿಚ್ಚಿಕೊಳ್ಳುತ್ತದೆ. ಖಾಲಿ ಪಿಕಪ್ಪು ಹಳ್ಳಿ ರೋಡಿನಲ್ಲಿ ಹೇಗೆ ಜಿಗಿಯುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಎಂಜಿನ್ನು ರೈಸ್ ಮಾಡಿದಂತೆ ಸ್ಪೀಕರಿನಲ್ಲಿ ಕುಂಯ್ ಎಂಬ ಸದ್ದು ಏರಿದರೆ ಅದು ಡೈನಮೋದ ಕೂಗು. ಸ್ಪೀಕರು ಕೆಟ್ಟಿಲ್ಲ. ಹೆಚ್ಚಿನ ಸಲ ಕಾರಣ ಅರ್ಥ್. ಟೇಪಿನ ಅರ್ಥ್ ಒಂದು ಕಡೆ, ಆಂಪ್ಲಿಯ ಅರ್ಥ್ ಇನ್ನೊಂದು ಕಡೆ ಇದ್ದರೆ ಹೀಗಾಗುತ್ತದೆ. ಎರಡನ್ನೂ ಒಂದೇ ಜಾಗದಲ್ಲಿ, ಬಣ್ಣ ಕೆರೆದ ತಗಡಿಗೆ ಬಿಗಿದು ನೋಡಿ.

ಆಂಪ್ಲಿ, ಅದರ ಜೊತೆ ಬೇಸ್ ಟ್ಯೂಬ್ ಬೇಕೇ? ಕ್ಯಾಬಿನ್ನಿನಲ್ಲಿ ಇಬ್ಬರು ಮೂವರು ಕೂರುವ ಜಾಗ. ಸೀಟಿನ ಹಿಂದೆ ಒಂದು ಗೇಣು ಸಂದು. ಡಿಕ್ಕಿ ಇಲ್ಲ. ಬೇಸ್ ಟ್ಯೂಬ್ ಇಟ್ಟರೆ ಹಗ್ಗ, ತಾಡಪಾಲು, ಜಾಕಿ ಎಲ್ಲಿ ಇಡುತ್ತೀರಿ? ಬೇಡವೆಂದೇ ನನ್ನ ಮಾತು. ಬೇಕೇ ಬೇಕೆಂದವರು ಸೀಟಿನ ಕೆಳಗೆ ಕೂರುವ ಚಪ್ಪಟೆ ಬಾಕ್ಸು ಹಾಕಿಸಿಕೊಳ್ಳಿ. 200 ವ್ಯಾಟಿನ ನಿಜವಾದ ಆಂಪ್ಲಿ ಪೂರ್ತಿ ದುಡಿದರೆ 20ರಿಂದ 30 ಆಂಪಿಯರ್ ಎಳೆಯುತ್ತದೆ. ಟೇಪಿನ ಸಣ್ಣ ತಂತಿ ಅದಕ್ಕೆ ಸಾಲದು. ಬ್ಯಾಟರಿಯಿಂದಲೇ ದಪ್ಪ ತಾಮ್ರದ ತಂತಿ ಬರಬೇಕು. ತಾಮ್ರದ ಬಣ್ಣ ಬಳಿದ ಅಲ್ಯುಮಿನಿಯಂ ಅಲ್ಲ. ಫ್ಯೂಸು ಬ್ಯಾಟರಿಯಿಂದ ಒಂದು ಮೊಳದೊಳಗೆ ಇರಬೇಕು. ಆಂಪ್ಲಿಯ ಹತ್ತಿರ ಇಟ್ಟ ಫ್ಯೂಸು ಆಂಪ್ಲಿಯನ್ನು ಕಾಯುತ್ತದೆ, ತಂತಿಯನ್ನು ಕಾಯುವುದಿಲ್ಲ. ನಡುವೆ ಎಲ್ಲಾದರೂ ತಂತಿ ಸವೆದು ಗಾಡಿಯ ತಗಡಿಗೆ ತಾಗಿದರೆ ಇಡೀ ಬ್ಯಾಟರಿ ಅಲ್ಲೇ ಉರಿಯುತ್ತದೆ. ದೊಡ್ಡ ಲಾರಿಯವರಿಗೆ ಒಂದು ಮಾತು. ನಿಮ್ಮದು 24 ವೋಲ್ಟು, ಪಿಕಪ್ಪಿನದು 12. ಪಿಕಪ್ಪಿನ ಟೇಪನ್ನು ನೇರ ಲಾರಿಗೆ ಕಟ್ಟಿದರೆ ಹೊಗೆ ಬರುತ್ತದೆ.

ಜಾತ್ರೆ, ಮೆರವಣಿಗೆಗೆ ಡಬ್ಬಿಗಳ ಗೋಡೆ ಕಟ್ಟಿ, ಜನರೇಟರು ಹೇರಿಕೊಂಡು ಹೋಗುವ ಪಿಕಪ್ಪುಗಳು ಇವೆ. ಅವು ನಮ್ಮ ಇವತ್ತಿನ ಮಾತಿಗೆ ಸೇರಿಲ್ಲ. ಆದರೂ ಬಾಯಿ ಸುಮ್ಮನಿರುವುದಿಲ್ಲ. ಶಬ್ದಮಾಲಿನ್ಯದ ನಿಯಮ 2000ದಲ್ಲೇ ಬಂದಿದೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಬಂದ್. ಸೊಲ್ಲಾಪುರದ ಸಿದ್ಧೇಶ್ವರನ ಗಡ್ಡಾ ಜಾತ್ರೆಗೆ ನಂದಿಧ್ವಜ ಬರುವಾಗ ಹಲಗಿಯ ಸದ್ದು ಎಷ್ಟು ದೂರದಿಂದ ಕೇಳುತ್ತದೆ, ಅದಕ್ಕೆ ಯಾವ ಆಂಪ್ಲಿ ಇದೆ?

ಕಡೆಗೆ ಟೇಪು. ಅಂಟೆನಾ, ಸ್ಪೀಕರು, ತಂತಿ ಮೂರೂ ಆದ ಮೇಲೆ ಹಳೆಯ ಟೇಪನ್ನೇ ಒಂದು ವಾರ ಕೇಳಿ ನೋಡಿ. ಎಷ್ಟೋ ಜನ ಅಲ್ಲಿಗೇ ನಿಲ್ಲುತ್ತಾರೆ. ಮುಂದೆ ಹೋಗುವವರಿಗೆ ಅಳತೆಯ ಚಿಂತೆ ಕಡಿಮೆ. ಜರ್ಮನಿಯವರು ಗೊತ್ತು ಮಾಡಿದ ಡಿನ್ ಎಂಬ ಅಳತೆಯನ್ನು ಲೋಕವೆಲ್ಲ ಒಪ್ಪಿದೆ. ಅಗಲ ಹದಿನೆಂಟು ಸೆಂಟಿಮೀಟರ್. ಎತ್ತರ ಐದಾದರೆ ಸಿಂಗಲ್ ಡಿನ್, ಹತ್ತಾದರೆ ಡಬಲ್ ಡಿನ್.

ಸಿಂಗಲ್ಲೇ ಪಿಕಪ್ಪಿಗೆ ಚಂದ ಎನ್ನುವವನು ನಾನು. ದನಿಗೆ ತಿರುಗಿಸುವ ಗುಂಡಿ ಇರಬೇಕು. ಗುಂಡಿ ಬೆರಳಿಗೆ ಸಿಗುತ್ತದೆ, ಕಣ್ಣು ರೋಡಿನ ಮೇಲೆ ಉಳಿಯುತ್ತದೆ. ಗಾಜಿನ ಪರದೆಯ ಮೇಲೆ ಬೆರಳಿಗೆ ಏನೂ ಸಿಗುವುದಿಲ್ಲ, ಕಣ್ಣೇ ಹೋಗಬೇಕು. ಗಂಟೆಗೆ ಅರವತ್ತು ಕಿಲೋಮೀಟರಿನಲ್ಲಿ ಎರಡು ಸೆಕೆಂಡು ಕಣ್ಣು ತೆಗೆದರೆ ಗಾಡಿ ಮೂವತ್ತು ಮೀಟರಿಗಿಂತ ಹೆಚ್ಚು ಓಡಿರುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ಹೋಗುವ ಸುಗ್ಗಿಯ ರಾತ್ರಿಯಲ್ಲಿ ಆ ಮೂವತ್ತು ಮೀಟರು ಬಹಳ. ಬ್ಲೂಟೂತ್ ಇರಲಿ, ಮನೆಯ ಫೋನು ಬಂದರೆ ಕೈ ಸ್ಟೇರಿಂಗ್ ಬಿಡಬೇಕಾಗಿಲ್ಲ. ಎಎಂ ಇರಲಿ. ಸಿನಿಮಾ ಬೇಡ.

ಬೇಸಿನ ಗುಂಡಿಯನ್ನು ನಡುಮಟ್ಟಕ್ಕಿಂತ ಒಂದು ಕೂದಲು ಕೆಳಗೇ ಇಡಿ. ಲೌಡ್‌ನೆಸ್ ಎಂಬುದು ಇದ್ದರೆ ಆರಿಸಿ. ಅದು ಮನೆಯಲ್ಲಿ ಮೆಲ್ಲಗೆ ಕೇಳುವವರಿಗೆ ಮಾಡಿದ್ದು. ದನಿಯ ಮಟ್ಟವನ್ನು ಹಿಂದಿನ ಗಾಡಿಯ ಹಾರ್ನು, ರೈಲು ಗೇಟಿನ ಗಂಟೆ ಕೇಳುವಷ್ಟಕ್ಕೆ ನಿಲ್ಲಿಸಿ.

ಎಲ್ಲ ಮುಗಿದು ಮಿಸ್ತ್ರಿ ಬಿಲ್ಲು ಬರೆಯುವಾಗ ಅಂಗಡಿಯ ಮುಂದೆ ನಿಂತ ಗಾಡಿಯಲ್ಲಿ ಹಾಡು ಹಚ್ಚಿ ಕೇಳಿ ಒಪ್ಪಬೇಡಿ. ನಿಂತ ಗಾಡಿಯಲ್ಲಿ ಎಲ್ಲ ಟೇಪೂ ಚೆನ್ನಾಗಿಯೇ ಕೇಳುತ್ತದೆ. ಮಿಸ್ತ್ರಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು ಹೆದ್ದಾರಿಗೆ ಹೋಗಿ. ಅರವತ್ತರ ಮೇಲೆ ಓಡಿಸಿ. ನಿಮ್ಮ ಕಡೆಯ ಕಿಟಕಿ ಪೂರ್ತಿ ಇಳಿಸಿ. ರೇಡಿಯೊದಲ್ಲಿ ಪೇಟೆ ಧಾರಣೆಯೋ ಹವಾಮಾನ ವರ್ತಮಾನವೋ ಬರುವ ಹೊತ್ತು ನೋಡಿಕೊಂಡು ಹಚ್ಚಿ. ಹಾಡಾದರೆ ಗೊತ್ತಿರುವ ಮಾತನ್ನು ಮನಸ್ಸೇ ತುಂಬಿಕೊಳ್ಳುತ್ತದೆ, ಅಂಕಿಯನ್ನು ತುಂಬಿಕೊಳ್ಳಲಾರದು. ಕ್ವಿಂಟಲ್ಲಿಗೆ ಹದಿನಾರು ನೂರು ಎಂದರೋ ಹದಿನೇಳು ನೂರು ಎಂದರೋ ಎಂದು ನಿಮಗೂ ಮಿಸ್ತ್ರಿಗೂ ಬೇರೆ ಬೇರೆ ಕೇಳಿಸಿದರೆ, ದುಡ್ಡು ಕೊಡುವ ಮೊದಲು ಬಾಗಿಲಿನ ರೆಕ್ಸಿನ್ ಇನ್ನೊಮ್ಮೆ ಬಿಚ್ಚಿಸಿ.